ಅರೆತಲೆನೋವು ಇಟ್ಟುಕೊಂಡು ಅಂಜನಾದ್ರಿ ಹತ್ತುವವರಿಗೆ

ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಮೊದಲ ಸಲ ಹೋದಾಗ ನಾನು ಇನ್ನೂರರ ಹತ್ತಿರ ಕೂತುಬಿಟ್ಟೆ. ಏಪ್ರಿಲ್ ತಿಂಗಳು, ಶನಿವಾರದ ಒಪ್ಪತ್ತು, ಹೊಟ್ಟೆಯಲ್ಲಿ ಬರೀ ಅರ್ಧ ಲೋಟ ಚಹಾ, ಹೊತ್ತು ಆಗಲೇ ಹನ್ನೊಂದು. ಬಿಳಿ ಮೆಟ್ಟಿಲ ಮೇಲಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ನೋಟದ ಎಡ ಅಂಚಿನಲ್ಲಿ ಅಂಕುಡೊಂಕು ಗೆರೆಯೊಂದು ಮಿನುಗತೊಡಗಿತು. ಕೆಳಗಿನಿಂದ ನೋಡಿದರೆ ಆ ಮೆಟ್ಟಿಲ ದಾರಿಯೂ ಹಾಗೇ, ಬಂಡೆಗಳ ನಡುವೆ ಎಳೆದ ಬಿಳಿ ಅಂಕುಡೊಂಕು.

"ಇಷ್ಟು ಬಂದೀವಿ, ಏನಾಗಂಗಿಲ್ಲ, ನಡಿ" ಅಂದರು ಜೊತೆಗಿದ್ದವರು. ನಡೆದೆ. ಇನ್ನೈವತ್ತು ಮೆಟ್ಟಿಲಿಗೆ ವಾಂತಿ. ಗಂಗಾವತಿ ಮುಟ್ಟುವವರೆಗೆ ಆಟೋದಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಿದ್ದಿದ್ದೆ. ಆ ಗೆರೆ ಅರೆತಲೆನೋವಿನ ಮುನ್ಸೂಚನೆ, ಕಂಡರೆ ಅಲ್ಲೇ ನಿಲ್ಲಬೇಕು, ಅಷ್ಟೇ. ಅದು ಸಾಮಾನ್ಯವಾಗಿ ಐದು ನಿಮಿಷದಿಂದ ಒಂದು ತಾಸಿನೊಳಗೆ ಹೋಗುತ್ತದೆ. ಅದಿರುವಾಗ ಮೆಟ್ಟಿಲ ಅಂಚೇ ಸರಿಯಾಗಿ ಕಾಣುವುದಿಲ್ಲ.

ಮುಂದಿನ ಜನವರಿಯಲ್ಲಿ ಮತ್ತೆ ಹೋದೆ. ಪೂರ್ತಿ ಹತ್ತಿದೆ, ತಲೆ ನೋಯಲಿಲ್ಲ.

ನಡುವೆ ಮಾಡಿದ್ದು ದೊಡ್ಡದೇನಲ್ಲ. ಎರಡು ತಿಂಗಳು ಬಳ್ಳಾರಿಯ ಮುನ್ಸಿಪಲ್ ಮೈದಾನದಲ್ಲಿ ವಾರಕ್ಕೆ ಮೂರು ದಿನ ನಡಿಗೆ. ಮೊದಲ ವಾರ ಬರೀ ಹದಿನೈದು ನಿಮಿಷ, ಕೊನೆಗೆ ನಲವತ್ತು. ಆಮೇಲೆ ಎರಡು ಭಾನುವಾರ ಬಳ್ಳಾರಿ ಕೋಟೆ ಗುಡ್ಡ. ನಲವತ್ತು ನಿಮಿಷದ ಲೆಕ್ಕ ನನ್ನದಲ್ಲ. ಸ್ವೀಡನ್ನಿನಲ್ಲಿ 91 ಮಂದಿ ಅರೆತಲೆನೋವಿನ (ಮೈಗ್ರೇನ್) ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದ್ದು. ವಾರಕ್ಕೆ ಮೂರು ಸಲ ನಲವತ್ತು ನಿಮಿಷ ವ್ಯಾಯಾಮ ಮಾಡಿದವರಿಗೂ, ನೋವು ಬಾರದಂತೆ ತಡೆಯುವ ಟೊಪಿರಮೇಟ್ ಮಾತ್ರೆ ನುಂಗಿದವರಿಗೂ ನೋವು ಕಡಿಮೆಯಾದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಮಾತ್ರೆ ಬಿಡಬೇಡಿ, ಅದು ವೈದ್ಯರ ಜೊತೆ ಕೂತು ಮಾತಾಡುವ ವಿಷಯ.

ಮಾತ್ರೆಯ ಮಾತು ಬಂತಲ್ಲ, ನಮ್ಮ ಕಡೆಯವರಿಗೆ ಇದು ಮುಖ್ಯ: ಟೊಪಿರಮೇಟ್ ಕೆಲವರಲ್ಲಿ ಬೆವರು ಕಡಿಮೆ ಮಾಡುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಬೆವರದ ಮೈ ಹೊತ್ತು ಬೆಟ್ಟ ಹತ್ತುವುದು ಆಟವಲ್ಲ. ನನಗೂ ಅದನ್ನೇ ಬರೆದಿದ್ದರು, ಈ ಮಾತು ಮಾತ್ರ ಯಾರೂ ಹೇಳಿರಲಿಲ್ಲ. ಅರೆತಲೆನೋವು ತಡೆಯಲು ಕೊಡುವ ಇನ್ನೊಂದು ಮಾತ್ರೆ ಪ್ರೊಪ್ರನೊಲಾಲ್ ತಗೊಳ್ಳುವವರಿಗೆ ನಾಡಿ ಬಡಿತ ಏರುವುದೇ ಕಡಿಮೆ, ಕೈಗಡಿಯಾರದ ಅಂಕಿ ನಂಬಬೇಡಿ. ಹತ್ತುತ್ತ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಮಾತು ತುಂಡಾದರೆ ಕೂರಿ.

ಬಳ್ಳಾರಿಯಿಂದ ನಾವು ಕುರುಗೋಡು, ಕಂಪ್ಲಿ ಮೇಲೆ ಹೋದೆವು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವುದುಂಟು, ಮಳೆಗಾಲದಲ್ಲಿ ಕೇಳಿಕೊಂಡು ಹೊರಡಿ. ಅಂದೇ ನಸುಕಿಗೆದ್ದು ಹೋದರೆ ನಿದ್ದೆಗೇಡು, ಅದೂ ನೋವಿಗೆ ಕರೆಯೋಲೆ. ಹಿಂದಿನ ರಾತ್ರಿಯೇ ಗಂಗಾವತಿಯಲ್ಲಿ ಉಳಿದು ದಿನಾ ಮಲಗುವ ಹೊತ್ತಿಗೇ ಮಲಗಿದೆ. ಬೆಳಗ್ಗೆ ಎಂದಿನ ಚಹಾ ತಪ್ಪಿಸಲಿಲ್ಲ. ಎರಡು ಇಡ್ಲಿ ತಿಂದು, ಒಂದು ತಾಸು ಬಿಟ್ಟು ಹತ್ತಲು ಶುರು. ಒಪ್ಪತ್ತನ್ನು ಹನುಮಪ್ಪನಿಗೆ ಇನ್ನೊಂದು ವಾರ ತೀರಿಸುತ್ತೇನೆ ಅಂತ ಹೇಳಿಕೊಂಡೆ.

ಕಾರಿನಿಂದ ಇಳಿದವಳೇ ಮೆಟ್ಟಿಲಿಗೆ ನುಗ್ಗಲಿಲ್ಲ. ಬುಡದಲ್ಲಿ ಹತ್ತು ನಿಮಿಷ ಸುಮ್ಮನೆ ಅಡ್ಡಾಡಿದೆ, ಯಾಕಂದರೆ ತಣ್ಣಗಿದ್ದ ಮೈಗೆ ದಿಢೀರ್ ದಣಿವು ಬಿದ್ದಾಗಲೇ ನನ್ನ ತಲೆ ಎಗರುವುದು. ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ. ಐವತ್ತು ಮೆಟ್ಟಿಲಿಗೊಮ್ಮೆ ನಿಂತು ನಾಲ್ಕು ಗುಟುಕು ನೀರು. ಬಾಳೆಹಣ್ಣು, ಮಾತ್ರೆ, ಓಆರ್‌ಎಸ್ ಎಲ್ಲ ಒಂದೇ ಕ್ಯಾರಿಬ್ಯಾಗಿನಲ್ಲಿ ಹಿಡಿದದ್ದು ಮಾತ್ರ ದಡ್ಡತನ. ಕೋತಿಯೊಂದು ಕಿತ್ತುಕೊಂಡು ಬಂಡೆ ಮೇಲೆ ಕೂತು ಹಣ್ಣು ತಿಂದು, ಮಾತ್ರೆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕಣಿವೆಗೆ ಒಗೆಯಿತು. ಮಾತ್ರೆ ಕಿಸೆಯಲ್ಲಿರಲಿ. ಅಂದಹಾಗೆ, ತಿಂಗಳಿಗೆ ಹದಿನೈದು ದಿನ ಅಥವಾ ಹೆಚ್ಚು ನೋವಿನ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಮಾತ್ರೆಯೇ ತಲೆನೋವು ತರಬಹುದು. ಅರೆತಲೆನೋವು ಬಂದಾಗ ನುಂಗುವ ಟ್ರಿಪ್ಟಾನ್ ಮಾತ್ರೆ ಆದರೆ ಹತ್ತು ದಿನವೇ ಸಾಕು.

ಹತ್ತುವಾಗ ಸಿಡಿಲು ಹೊಡೆದಂತೆ ಒಮ್ಮೆಲೇ ನೋವು ಬಂದರೆ, ಮಾತು ತೊದಲಿದರೆ, ಒಂದು ಕೈ ಜೋಮು ಹಿಡಿದು ಸೋತರೆ, ಹಳೆಯ ಅರೆತಲೆನೋವೇ ಅಂದುಕೊಂಡು ಕೂರಬೇಡಿ. ಕೂಡಲೇ ಇಳಿಸಿಕೊಂಡು ಆಸ್ಪತ್ರೆ ಸೇರಿ.

ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ಭತ್ತದ ಗದ್ದೆ, ಬಂಡೆ, ತುಂಗಭದ್ರೆ. ಒಂಬತ್ತೂವರೆಗೆಲ್ಲ ಇಳಿದಿದ್ದೆವು. ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಜನಸಾಗರವಿರುತ್ತದೆ, ನಮ್ಮಂಥವರಿಗೆ ಅದು ಬೇಡ.

ಆಮೇಲೆ ಸಾಣಾಪುರ ಕೆರೆಗೆ ಹೋದೆವು. ಹರಿಗೋಲು ಹತ್ತುವುದಿದ್ದರೆ ಕೂರುವ ಮೊದಲೇ ಹೇಳಿಬಿಡಿ: "ಅಣ್ಣಾ, ಗಿರಗಿರ ತಿರುಗಿಸಬ್ಯಾಡ." ನಾನು ಹೇಳಿದೆ. ಅವನು ನಕ್ಕು, ಒಂದೇ ಒಂದು ಸುತ್ತು ತಿರುಗಿಸಿದ.