ಹಳೆಯ ಲ್ಯಾಪ್‌ಟಾಪಿನ ಹ್ಯಾಂಗ್ ಪುರಾಣ

ನನ್ನ ಹಳೆಯ ಲ್ಯಾಪ್‌ಟಾಪು ಕೆಲವು ತಿಂಗಳುಗಳಿಂದ ಹೊತ್ತುಗೊತ್ತಿಲ್ಲದೆ ಹ್ಯಾಂಗ್ ಆಗುತ್ತಿತ್ತು. ವಿಡಿಯೊ ನೋಡುತ್ತಿರುವಾಗ ಪರದೆ ಗರಬಡಿದಂತೆ ನಿಂತುಬಿಡುವುದು, ಒಮ್ಮೊಮ್ಮೆ ಕ್ಷಣಕಾಲ ಕಪ್ಪಾಗಿ ಮತ್ತೆ ಮರಳುವುದು, ಇನ್ನು ಕೆಲವೊಮ್ಮೆ ಅಕ್ಷರಗಳ ಮೇಲೆಲ್ಲ ನೇರಳೆ ಮತ್ತು ಹಸಿರು ಬಣ್ಣದ ಸಣ್ಣ ಚೌಕಗಳು ಹರಡಿಕೊಳ್ಳುವುದು, ಹೀಗೆ ಮೂರು ಬಗೆಯ ತೊಂದರೆಗಳೂ ಇದ್ದವು. ಇದನ್ನು ಯಾರ ಮುಂದೆ ಹೇಳಿಕೊಂಡರೂ ಬರುವ ಸಲಹೆಗಳು ಗೊತ್ತಿರುವಂಥವೇ: ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ, ಇಲ್ಲವೇ ಬೇರೆ ಲ್ಯಾಪ್‌ಟಾಪು ಕೊಳ್ಳಿ. ಕೊನೆಯ ಸಲಹೆ ಎಷ್ಟೋ ಸಲ ಸರಿಯಾದದ್ದೇ ಆಗಿರುತ್ತದೆ. ಆದರೆ ಏನು ಕೆಟ್ಟಿದೆ ಎಂದು ತಿಳಿಯುವ ಮುನ್ನವೇ ಏನನ್ನು ಬದಲಿಸಬೇಕು ಎಂದು ತೀರ್ಮಾನಿಸುವುದು ನನಗೆ ಒಗ್ಗದ ಕ್ರಮವಾದ್ದರಿಂದ, ಪರದೆ ನಿಂತ ಆ ಗಳಿಗೆಯಲ್ಲಿ ಯಂತ್ರದ ಯಾವ ಭಾಗ ನಿಂತಿದೆ, ಯಾವ ಭಾಗ ಇನ್ನೂ ನಡೆಯುತ್ತಿದೆ ಎಂಬುದನ್ನು ಮೊದಲು ಗಮನಿಸತೊಡಗಿದೆ.

ಇದಕ್ಕೆ ಯಾವ ಉಪಕರಣವೂ ಬೇಡ. ಪರದೆ ನಿಂತ ಕೂಡಲೇ ಕ್ಯಾಪ್ಸ್ ಲಾಕ್ ಕೀ ಒತ್ತಿ, ಅದರ ದೀಪ ಹೊತ್ತಿ ಆರುತ್ತದೆಯೇ ಎಂದು ನೋಡಬೇಕು. ಸಾಮಾನ್ಯವಾಗಿ ಆ ಒತ್ತು ಆಪರೇಟಿಂಗ್ ಸಿಸ್ಟಂ ತನಕ ಹೋಗಿ, ಅಲ್ಲಿಂದ ಅಪ್ಪಣೆ ಮರಳಿದರಷ್ಟೇ ದೀಪ ಬದಲಾಗುವುದರಿಂದ, ದೀಪ ಸ್ಪಂದಿಸಿದರೆ ಸಿಸ್ಟಂ ಜೀವಂತವಾಗಿದೆ, ಚಿತ್ರ ಮಾತ್ರ ನಿಂತಿದೆ ಎಂದು ತಿಳಿಯಬಹುದು. ಹಿನ್ನೆಲೆಯಲ್ಲಿ ಹಾಡು ಕೇಳಿಸುತ್ತಿದ್ದರೆ ಅದೂ ಒಂದು ಸಾಕ್ಷಿ. ಹಾಡು ಎಂದಿನಂತೆ ಮುಂದುವರಿದರೆ ದೋಷ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಡೆಗಿದೆ. ಅದರ ಒಂದು ಚೂರು ಮಾತ್ರ ಗರಗರನೆ ಮತ್ತೆ ಮತ್ತೆ ಮೊಳಗುತ್ತಿದ್ದರೆ ಪ್ರೊಸೆಸರ್ ಹೊಸ ದತ್ತಾಂಶ ತುಂಬುವುದನ್ನು ನಿಲ್ಲಿಸಿದೆ, ಸೌಂಡ್ ಚಿಪ್ಪು ಬಫರಿನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಉಳಿದ ಹಳೆಯದನ್ನೇ ಓದುತ್ತಿದೆ, ಅಂದರೆ ಇಡೀ ಯಂತ್ರವೇ ನಿಂತಿದೆ. ಮೌಸ್ ಬಾಣ ಸರಾಗವಾಗಿ ಓಡಾಡುತ್ತ, ಒತ್ತಿದ ಯಾವುದೂ ತೆರೆಯದೆ, ಡಿಸ್ಕ್ ದೀಪ ಆರದೆ ಉರಿಯುತ್ತಿದ್ದರೆ ಗ್ರಾಫಿಕ್ಸ್ ಮೇಲಿನ ಅನುಮಾನವನ್ನು ಬಿಟ್ಟು ಹಾರ್ಡ್ ಡಿಸ್ಕನ್ನು ನೋಡುವುದು ಮೇಲು. ಹಾಳಾದ ಸೆಕ್ಟರನ್ನು, ಅಂದರೆ ತನ್ನದೇ ಒಂದು ಸಣ್ಣ ತುಣುಕನ್ನು, ಡಿಸ್ಕ್ ಮತ್ತೆ ಮತ್ತೆ ಓದಲು ಯತ್ನಿಸುವಾಗ ಹೀಗಾಗುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ‘ಸ್ಮಾರ್ಟ್’ ವರದಿಯಲ್ಲಿ ಬದಲಿಸಿದ ಸೆಕ್ಟರುಗಳ ಮತ್ತು ಬದಲಿಸಲು ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದು ಏರುತ್ತಲೂ ಇದ್ದರೆ, ಬೇರೆಲ್ಲ ಪರೀಕ್ಷೆಗಳನ್ನು ಬದಿಗಿಟ್ಟು ಮೊದಲು ಬ್ಯಾಕಪ್ ತೆಗೆದುಕೊಳ್ಳಬೇಕು.

ನನ್ನ ಯಂತ್ರದಲ್ಲಿ ಕ್ಯಾಪ್ಸ್ ಲಾಕ್ ದೀಪ ಹೆಚ್ಚಿನ ಸಲ ಸ್ಪಂದಿಸುತ್ತಿತ್ತು, ಹಾಡೂ ಮುಂದುವರಿಯುತ್ತಿತ್ತು. ವಿಂಡೋಸ್ 10ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಹಾಗೆ ಒತ್ತಿದಾಗ ಒಂದು ಬೀಪ್ ಸದ್ದಾಗಿ, ಪರದೆ ಮಿನುಗಿ, ಕೆಲವೊಮ್ಮೆ ಎಲ್ಲವೂ ಸರಿಹೋಗುತ್ತಿತ್ತು. ತೆರೆದಿಟ್ಟ ಕಡತಗಳು ಉಳಿದುಕೊಳ್ಳುವುದರಿಂದ, ಪವರ್ ಬಟನ್ನನ್ನು ಒತ್ತಿ ಹಿಡಿಯುವ ಮುಂಚೆ ಇದನ್ನೊಮ್ಮೆ ಮಾಡಿ ನೋಡುವುದರಲ್ಲಿ ನಷ್ಟವೇನಿಲ್ಲ.

ಆಮೇಲೆ ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ನೋಡಿದರೆ, ‘ಡಿಸ್‌ಪ್ಲೇ ಡ್ರೈವರ್ ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ’ ಎಂಬ ಅರ್ಥದ 4101 ಸಂಖ್ಯೆಯ ದಾಖಲೆಗಳು ಸಾಲುಗಟ್ಟಿದ್ದವು. ವಿಂಡೋಸ್ ವಿಸ್ತಾದ ಕಾಲದಿಂದಲೂ ಇರುವ ವ್ಯವಸ್ಥೆ ಇದು. ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸಿದ ಕೆಲಸ 2 ಸೆಕೆಂಡಿನೊಳಗೆ ಮುಗಿಯದೆ, ಅದನ್ನು ನಡುವೆ ನಿಲ್ಲಿಸಲೂ ಆಗದೆ ಹೋದರೆ ವಿಂಡೋಸ್ ಆ ಚಿಪ್ಪನ್ನು ರೀಸೆಟ್ ಮಾಡುತ್ತದೆ. ಪರದೆ ಕಪ್ಪಾಗಿ ಮರಳುವುದು ಆಗಲೇ. ರೀಸೆಟ್ ಕೂಡ ಫಲಿಸದಿದ್ದರೆ 116 ಎಂಬ ಕೋಡಿನ ನೀಲಿ ಪರದೆ ಬರುತ್ತದೆ. ಆದರೆ ಈ ದಾಖಲೆ ಅಡ್ಡಗೋಡೆಯ ಮೇಲಿಟ್ಟ ದೀಪವೇ ಸರಿ. ಚಿಪ್ಪು ಉತ್ತರ ಕೊಡಲಿಲ್ಲ ಎಂದು ಹೇಳುತ್ತದೆಯೇ ಹೊರತು, ಯಾಕೆ ಕೊಡಲಿಲ್ಲ ಎಂಬುದನ್ನು ಹೇಳುವುದಿಲ್ಲ. ಅದರ ಜೊತೆಗೇ ಕಾಣಿಸುವ ಕರ್ನಲ್ ಪವರ್ 41 ಎಂಬ ದಾಖಲೆಯನ್ನು ಕಂಡು ಪವರ್ ಅಡಾಪ್ಟರನ್ನೇ ಬದಲಿಸಲು ಹೊರಡುವವರಿದ್ದಾರೆ. ಯಂತ್ರವನ್ನು ಕ್ರಮಪ್ರಕಾರ ಮುಚ್ಚಲಿಲ್ಲ ಎಂಬುದಷ್ಟೇ ಅದರ ಅರ್ಥ, ಮತ್ತು ಹ್ಯಾಂಗ್ ಆದ ಯಂತ್ರದ ಪವರ್ ಬಟನ್ನನ್ನು ನಾವೇ ಒತ್ತಿ ಹಿಡಿದರೂ ಅದು ದಾಖಲಾಗುತ್ತದೆ. ವಿಂಡೋಸಿನ ಒಳಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಆ 2 ಸೆಕೆಂಡಿನ ಗಡುವನ್ನು 8 ಅಥವಾ 10ಕ್ಕೆ ಏರಿಸುವ ಸಲಹೆಯೂ ಬಹಳ ಚಾಲ್ತಿಯಲ್ಲಿದೆ. ಭಾರೀ ಲೆಕ್ಕಾಚಾರಗಳನ್ನು ಗ್ರಾಫಿಕ್ಸ್ ಚಿಪ್ಪಿನಲ್ಲಿ ನಡೆಸುವವರಿಗೆ ಅದು ಉಪಯುಕ್ತವೇ. ನಮ್ಮಂಥವರಿಗೆ ಅದರಿಂದ ಆಗುವುದು ನಿಂತ ಪರದೆಯನ್ನು ಇನ್ನಷ್ಟು ಹೊತ್ತು ನೋಡುತ್ತ ಕೂರುವುದು ಮಾತ್ರ.

ಬಣ್ಣದ ಚೌಕಗಳ ವಿಷಯದಲ್ಲಿ ಬಹಳ ಸರಳವೂ ನಿರ್ಣಾಯಕವೂ ಆದ ಪರೀಕ್ಷೆಯೊಂದಿದೆ, ಮತ್ತು ಅದನ್ನು ಮಾಡುವವರು ಕಡಿಮೆ. ಚೌಕಗಳು ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು, ಆ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ನೋಡಬೇಕು. ಸ್ಕ್ರೀನ್‌ಶಾಟ್ ಎಂಬುದು ಮೆಮೊರಿಯಲ್ಲಿರುವ ಚಿತ್ರದ ನಕಲೇ ಹೊರತು ಪರದೆಯ ಫೋಟೊ ಅಲ್ಲ. ಆದ್ದರಿಂದ ಚೌಕಗಳು ಅದರಲ್ಲಿಯೂ ಕಂಡರೆ ಚಿತ್ರ ಪರದೆಗೆ ಹೊರಡುವ ಮೊದಲೇ ಕೆಟ್ಟಿದೆ, ಕಾಣದಿದ್ದರೆ ಮೆಮೊರಿಯಿಂದ ಹೊರಟ ಮೇಲೆ, ಅಂದರೆ ಕೇಬಲ್ಲಿನಲ್ಲೋ ಪ್ಯಾನೆಲ್ಲಿನಲ್ಲೋ ಕೆಡುತ್ತಿದೆ. ಹೊರಗಿನ ಮಾನಿಟರ್ ಜೋಡಿಸಿ ನೋಡಿದರೆ ಇದು ಇನ್ನಷ್ಟು ಖಚಿತವಾಗುತ್ತದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಪರದೆಯ ಕೇಬಲ್ಲು ಕೀಲಿನ ಮೂಲಕ ಹಾದುಹೋಗುವುದರಿಂದ ತೆರೆದು ಮುಚ್ಚಿದ ಪ್ರತಿ ಸಲವೂ ಮಡಚಿಕೊಂಡು ಸವೆಯುತ್ತದೆ. ಮುಚ್ಚಳವನ್ನು ಸ್ವಲ್ಪ ಹಿಂದೆ ಮುಂದೆ ಬಾಗಿಸಿದಾಗ ಚಿತ್ರ ಬದಲಾದರೆ ತಪ್ಪು ಬಹುಮಟ್ಟಿಗೆ ಅದರದ್ದೇ, ಮತ್ತು ಇಡೀ ಪಟ್ಟಿಯಲ್ಲಿ ಅತಿ ಅಗ್ಗದ ದುರಸ್ತಿ ಅದು. ನನ್ನ ಚೌಕಗಳು ಸ್ಕ್ರೀನ್‌ಶಾಟಿನಲ್ಲಿಯೂ ಇದ್ದವು, ಹೊರಗಿನ ಮಾನಿಟರಿನಲ್ಲಿಯೂ ಇದ್ದವು.

ಡ್ರೈವರ್ ವಿಚಾರವನ್ನು ಬೇಗ ಮುಗಿಸುತ್ತೇನೆ. ಹಳೆಯ ಡ್ರೈವರನ್ನು ಪೂರ್ತಿ ತೆಗೆದು, ಲ್ಯಾಪ್‌ಟಾಪಿನ ತಯಾರಕರೇ ಆ ಮಾದರಿಗೆಂದು ಕೊಟ್ಟ ಕೊನೆಯ ಆವೃತ್ತಿಯನ್ನು ಹಾಕಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ವಿಡಿಯೊ ಓಡಿಸಿದಾಗಲೂ ಅದೇ ಚೌಕಗಳು ಕಾಣಿಸಿಕೊಂಡವು. ಬೇರೆಯದೇ ಸಿಸ್ಟಂ, ಬೇರೆಯದೇ ಡ್ರೈವರ್, ಆದರೂ ಅದೇ ಕಾಟ ಎಂದಮೇಲೆ ವಿಂಡೋಸನ್ನು ಹೊಸದಾಗಿ ಹಾಕುವ ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಸರದಿ ಬಿಸಿಯದ್ದು. ವಿಡಿಯೊ ಓಡುವಾಗ ತಾಪಮಾನ 95 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಹೋಗುತ್ತಿತ್ತು. ಬಹುಪಾಲು ಲ್ಯಾಪ್‌ಟಾಪ್ ಪ್ರೊಸೆಸರುಗಳ ಮೇಲ್ಮಿತಿ 100 ಡಿಗ್ರಿಯ ಸುತ್ತಮುತ್ತ ಇರುವುದರಿಂದ ಅವು ಅಲ್ಲಿಗೆ ತಲುಪಿದಾಗ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ, ಆದರೆ ಅವುಗಳ ಅಕ್ಕಪಕ್ಕದಲ್ಲಿರುವ ಹಲವು ಬಿಡಿಭಾಗಗಳಿಗೆ ಅಂಥ ರಕ್ಷಣೆ ಇರುವುದಿಲ್ಲ. ಚಾರ್ಜರ್ ತೆಗೆದು, ಹಿಂಬದಿಯ ಕವಚ ಬಿಚ್ಚಿ, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಸಂಪರ್ಕ ಕಳಚಿದೆ. ಕವಚ ಬಿಚ್ಚಿದಾಗ ಬ್ಯಾಟರಿ ಊದಿಕೊಂಡಿರುವುದು ಕಂಡರೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕದೆ, ಅದನ್ನು ಒತ್ತದೆ ಚುಚ್ಚದೆ ತೆಗೆಸಬೇಕು. ಫ್ಯಾನು ಹೊರಗಿನಿಂದ ನೋಡಲು ಶುಭ್ರವಾಗಿಯೇ ಇತ್ತು. ಅದರ ಸ್ಕ್ರೂಗಳನ್ನು ಬಿಚ್ಚಿ ಎತ್ತಿದಾಗಷ್ಟೇ, ಫ್ಯಾನಿಗೂ ಬಿಸಿಯನ್ನು ಹೊರಗೆ ಸಾಗಿಸುವ ಹೀಟ್ ಸಿಂಕಿನ ತಾಮ್ರದ ತೆಳು ಹಲ್ಲುಗಳಿಗೂ ನಡುವೆ ಗಾಳಿಯ ದಾರಿಯನ್ನೇ ಮುಚ್ಚಿ ಕುಳಿತಿದ್ದ ಬೂದು ಬಣ್ಣದ ಧೂಳಿನ ಪದರ ಕಂಡಿತು. ಚಿಮುಟದಿಂದ ಹಿಡಿದು ಎಳೆದರೆ ಹರಿಯದೆ, ಆ ಹಲ್ಲುಗಳ ಗೆರೆಗಳನ್ನು ತನ್ನ ಮೈಮೇಲೆ ಮೂಡಿಸಿಕೊಂಡು, ಇಡಿಯಾಗಿ ಕೈಗೆ ಬಂತು. ಹೊರಗಿನ ಕಿಂಡಿಯಿಂದ ಗಾಳಿ ಊದಿದರೆ ಈ ಪದರ ಫ್ಯಾನಿನ ಕಡೆಗೆ ಸರಿದು ಮತ್ತೆ ಅಲ್ಲೇ ಬಂದು ಕೂರುತ್ತದೆ, ಆದ್ದರಿಂದ ಬಿಚ್ಚಿಯೇ ತೆಗೆಯಬೇಕು. ಚಿಪ್ಪಿಗೂ ಹೀಟ್ ಸಿಂಕಿಗೂ ನಡುವೆ ಬಿಸಿ ದಾಟಿಸಲು ಹಚ್ಚಿರುವ, ಒಣಗಿ ಹೆಕ್ಕಳೆಯಂತಾಗಿದ್ದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹಚ್ಚಿದೆ. ತಾಪಮಾನ ಚೆನ್ನಾಗಿಯೇ ಇಳಿಯಿತು, ಬಹಳ ಹೊತ್ತು ಓಡಿದ ಮೇಲೆ ಯಂತ್ರ ಪೂರ್ತಿಯಾಗಿ ನಿಂತುಹೋಗುತ್ತಿದ್ದುದು ತಪ್ಪಿತು. ಚೌಕಗಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಉಳಿದದ್ದು ರ‍್ಯಾಮ್, ಅಂದರೆ ಯಂತ್ರ ಕೆಲಸ ಮಾಡುವಾಗ ಬಳಸುವ ಮೆಮೊರಿ. ಗ್ರಾಫಿಕ್ಸ್ ತೊಂದರೆಗೆ ರ‍್ಯಾಮ್ ಪರೀಕ್ಷಿಸುವುದೇಕೆ ಎಂದು ಕೇಳುವವರಿಗೆ ಉತ್ತರ ಲ್ಯಾಪ್‌ಟಾಪಿನ ರಚನೆಯಲ್ಲೇ ಇದೆ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಭಾಗಕ್ಕೆ ಸಾಮಾನ್ಯವಾಗಿ ಸ್ವಂತ ಮೆಮೊರಿ ಇರುವುದಿಲ್ಲ. ಪರದೆಯ ಚಿತ್ರ, ವಿಡಿಯೊದ ಬಿಡಿ ಚಿತ್ರಗಳು, ಚಿಪ್ಪಿಗೆ ಕೊಡುವ ಅಪ್ಪಣೆಗಳ ಸಾಲು, ಎಲ್ಲವೂ ಇರುವುದು ನಮ್ಮ ಸಾಮಾನ್ಯ ರ‍್ಯಾಮ್‌ನಲ್ಲಿಯೇ. ಅದರಲ್ಲಿ ಒಂದು ಮೂಲೆ ಕೆಟ್ಟಿದ್ದು ಚಿತ್ರ ಅಲ್ಲಿ ಬಂದು ಕುಳಿತರೆ ಬಣ್ಣದ ಚೌಕ ಕಾಣುತ್ತದೆ, ಅಪ್ಪಣೆಗಳ ಸಾಲು ಅಲ್ಲಿ ಬಂದು ಕುಳಿತರೆ ಚಿಪ್ಪು ಅರ್ಥವಿಲ್ಲದ ಅಪ್ಪಣೆಯನ್ನು ಓದಿ ತಡವರಿಸಿ ನಿಲ್ಲುತ್ತದೆ, 2 ಸೆಕೆಂಡು ಕಾದ ವಿಂಡೋಸ್ ಡ್ರೈವರಿನ ಮೇಲೆ ದೂರು ಬರೆದಿಡುತ್ತದೆ. ಒಂದೇ ದೋಷ ಒಮ್ಮೆ ಹಾಗೆ, ಒಮ್ಮೆ ಹೀಗೆ ಕಾಣುವುದಕ್ಕೂ, ಹೊತ್ತುಗೊತ್ತಿಲ್ಲದೆ ಬರುವುದಕ್ಕೂ ಕಾರಣ ಇದೇ. ಯಾವ ಪ್ರೋಗ್ರಾಂ ಯಾವಾಗ ಯಾವ ಜಾಗದಲ್ಲಿ ಕೂರುತ್ತದೆ ಎಂಬುದು ಪ್ರತಿ ಸಲವೂ ಬದಲಾಗುತ್ತದೆ.

ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಿಸುವ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ಪರದೆಯಲ್ಲಿ ಕೆಂಪು ಸಾಲುಗಳಿದ್ದವು, ಮತ್ತು ದೋಷದ ವಿಳಾಸಗಳು ಚದುರಿರದೆ ಒಂದೇ ಕಡೆ ಒತ್ತಾಗಿದ್ದವು. ಇಲ್ಲಿಗೇ ರ‍್ಯಾಮ್ ಸ್ಟಿಕ್ ಕೆಟ್ಟಿದೆ ಎನ್ನುವಂತಿಲ್ಲ, ಅದು ಕೂರುವ ಸ್ಲಾಟ್ ಕೂಡ ಕೆಟ್ಟಿರಬಹುದು. ಸ್ಟಿಕ್ಕುಗಳ ಸಂಪರ್ಕದ ಅಂಚನ್ನು ಆಲ್ಕೊಹಾಲಿನಿಂದ ಒರೆಸಿ, ಒಂದೊಂದನ್ನೇ ಬೇರೆ ಬೇರೆ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿದಾಗ ದೋಷ ಒಂದೇ ಸ್ಟಿಕ್ಕಿನ ಬೆನ್ನು ಹತ್ತಿ ಬಂತು. ಅದನ್ನು ತೆಗೆದಿಟ್ಟು ಹೊಸದನ್ನು ಹಾಕಿದ ಮೇಲೆ ಚೌಕಗಳು ಮತ್ತೆ ಕಾಣಿಸಲಿಲ್ಲ.

ಅಪರೂಪಕ್ಕೊಮ್ಮೆ ಪರದೆ ಕಪ್ಪಾಗುವುದು ಮಾತ್ರ ಪೂರ್ತಿ ನಿಂತಿರಲಿಲ್ಲ. 4101ರ ದಾಖಲೆಯಲ್ಲಿ ಡ್ರೈವರಿನ ಹೆಸರೂ ಇರುತ್ತದೆ. ನನ್ನ ಯಂತ್ರದಲ್ಲಿ ಪ್ರೊಸೆಸರಿನೊಳಗೊಂದು, ಹೊರಗೊಂದು ಹೀಗೆ ಎರಡು ಗ್ರಾಫಿಕ್ಸ್ ಇರುವುದರಿಂದ ಮೊದಲು ಅಲ್ಲಿ ಎರಡು ಹೆಸರುಗಳಿದ್ದವು, ಈಗ ಉಳಿದದ್ದು ಬೋರ್ಡಿನ ಮೇಲೆ ಪ್ರತ್ಯೇಕವಾಗಿ ಕುಳಿತಿರುವ ಗ್ರಾಫಿಕ್ಸ್ ಚಿಪ್ಪಿನ ಡ್ರೈವರಿನ ಹೆಸರು ಮಾತ್ರ. ಇಂಥ ಚಿಪ್ಪುಗಳು ದಿನವೂ ಕಾದು ಆರುವಾಗ ಅವುಗಳ ಕೆಳಗಿನ ಸಣ್ಣ ಬೆಸುಗೆಗಳು ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ಹಳೆಯ ಕತೆ. ನನ್ನ ಯಂತ್ರ ಆ ಕಾಲದ್ದಲ್ಲವಾದರೂ, 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಪ್ಯಾಕೇಜಿಂಗ್ ದೋಷಕ್ಕೆಂದು 15ರಿಂದ 20 ಕೋಟಿ ಡಾಲರನ್ನು ತೆಗೆದಿಡುವುದಾಗಿ ಪ್ರಕಟಿಸಿದ್ದನ್ನೂ, 2011ರ ಮಾದರಿಯ ಕೆಲವು ಮ್ಯಾಕ್‌ಬುಕ್ ಪ್ರೊಗಳ ವಿಡಿಯೊ ತೊಂದರೆಗಾಗಿ ಆ್ಯಪಲ್ 2015ರಲ್ಲಿ ಉಚಿತ ದುರಸ್ತಿ ಯೋಜನೆ ತಂದದ್ದನ್ನೂ ನೆನೆದರೆ, ಇದು ಬಳಸುವವರ ಕೈಗುಣವಲ್ಲ ಎಂಬುದು ಸ್ಪಷ್ಟ. ಬೋರ್ಡನ್ನು ಓವನ್ನಿನಲ್ಲಿಟ್ಟೋ ಬಿಸಿಗಾಳಿ ಹಾಯಿಸಿಯೋ ‘ರೀಫ್ಲೋ’ ಮಾಡುವ, ಅಂದರೆ ಬೆಸುಗೆಯನ್ನು ಮತ್ತೆ ಕರಗಿಸಿ ಕೂರಿಸುವ ವಿಡಿಯೊಗಳು ಬೇಕಾದಷ್ಟಿವೆ. ಸೀಸವಿಲ್ಲದ ಈಗಿನ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, ಮನೆಯಲ್ಲಿ ಅಷ್ಟು ಕಾಯಿಸಿದರೆ ಪಕ್ಕದ ಪ್ಲಾಸ್ಟಿಕ್ ಕನೆಕ್ಟರುಗಳು ಹಾಳಾಗುವ ಅಪಾಯವಿದೆ, ಅಷ್ಟು ಕಾಯಿಸದೆ ಸಿಕ್ಕ ಗುಣ ಕೆಲವೇ ವಾರಗಳದ್ದಾಗಿರುವುದೇ ಹೆಚ್ಚು. ಆ ದಾರಿ ನನಗೆ ಬೇಡವಾಯಿತು.

ಬದಲಿಗೆ, ಯಂತ್ರದ ಬಿಡಿಭಾಗಗಳನ್ನು ಪಟ್ಟಿ ಮಾಡುವ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಆ ಚಿಪ್ಪನ್ನು ಡಿಸೇಬಲ್ ಮಾಡಿದೆ. ವಿಂಡೋಸ್ ಶುರುವಾಗುವ ಮುಂಚೆ ಯಂತ್ರವನ್ನು ಅಣಿಗೊಳಿಸುವ ಬಯಾಸ್‌ನಲ್ಲಿಯೇ ಅದಕ್ಕೆ ಅವಕಾಶವಿರುವ ಮಾದರಿಗಳಲ್ಲಿ ಅಲ್ಲಿ ಮಾಡುವುದು ಇನ್ನೂ ಒಳ್ಳೆಯದು, ನನ್ನದರಲ್ಲಿ ಇಲ್ಲ. ಈಗ ಎಲ್ಲ ಕೆಲಸವೂ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಿಂದಲೇ ನಡೆಯುತ್ತದೆ. ಆಟಗಳು ಓಡುವುದಿಲ್ಲ, ವಿಡಿಯೊ ಎಡಿಟಿಂಗ್ ತೆವಳುತ್ತದೆ, ಬರೆಯುವುದಕ್ಕೂ ಓದುವುದಕ್ಕೂ ಸಿನಿಮಾ ನೋಡುವುದಕ್ಕೂ ಅಡ್ಡಿಯಿಲ್ಲ. ವಿಂಡೋಸ್ ದೊಡ್ಡ ಅಪ್‌ಡೇಟ್ ಹಾಕಿಕೊಂಡಾಗಲೆಲ್ಲ ಡಿವೈಸ್ ಮ್ಯಾನೇಜರ್ ತೆರೆದು, ಆ ಚಿಪ್ಪು ಡಿಸೇಬಲ್ ಆಗಿಯೇ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.