ಹಸುರು ಹೊನ್ನು ಯಾವ ರ‍್ಯಾಕಿಗೆ?

ಪುಸ್ತಕದ ಅಂಗಡಿ ಕೆಲಸಕ್ಕೆ ಸೇರಿ ಹತ್ತು ವರ್ಷ ಆಯಿತು. ಮೊದಲ ನಾಲ್ಕು ವರ್ಷ ಒಂದು ಮಾಲ್‌ನಲ್ಲಿದ್ದ ದೊಡ್ಡ ಅಂಗಡಿ. ಆಮೇಲಿನ ಆರು ವರ್ಷ ಬಸವನಗುಡಿಯ ಈ ಸಣ್ಣ ಅಂಗಡಿ. ಅಲ್ಲಿ ಕಲಿತದ್ದನ್ನು ಇಲ್ಲಿ ಮರೆಯಬೇಕಾಯಿತು. ಅದರ ಕತೆಯನ್ನೇ ಹೇಳುತ್ತೇನೆ.

ಮಾಲ್‌ನಲ್ಲಿ ಪುಸ್ತಕಕ್ಕೆ ಎರಡೇ ಜಾತಿ. ಫಿಕ್ಷನ್, ನಾನ್‌ಫಿಕ್ಷನ್. ಬಾಗಿಲಿಂದ ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು. ಬಂಡಲ್ ಬಿಚ್ಚಿದರೆ ಬಿಲ್ಲಿನಲ್ಲೇ ಬರೆದಿರುತ್ತಿತ್ತು, ಯಾವುದು ಎಲ್ಲಿಗೆ ಅಂತ. ನಮ್ಮ ತಲೆಗೆ ಕೆಲಸವೇ ಇಲ್ಲ. ಕನ್ನಡ ಪುಸ್ತಕಗಳಿಗೆ ಮೂಲೆಯಲ್ಲಿ ಒಂದು ರ‍್ಯಾಕು. ಅದಕ್ಕೆ 'ಪ್ರಾದೇಶಿಕ' ಅಂತ ಬೋರ್ಡು. ಬೆಂಗಳೂರಿನಲ್ಲಿ ಕನ್ನಡ ಪ್ರಾದೇಶಿಕವಂತೆ, ಇರಲಿ.

ಇಲ್ಲಿಗೆ ಬಂದಾಗ ಬೋರ್ಡೇ ಇರಲಿಲ್ಲ. ಕಾರಂತರ ಪುಸ್ತಕ ಎಲ್ಲ ಒಂದು ಕಡೆ. ಅದರಲ್ಲೇ ಕಾದಂಬರಿ, ಆತ್ಮಕಥೆ, ಯಕ್ಷಗಾನದ ಮೇಲಿನ ಪುಸ್ತಕ, ಮಕ್ಕಳ ವಿಜ್ಞಾನ. ಕುವೆಂಪು ಪಕ್ಕ ತೇಜಸ್ವಿ. ಡಿವಿಜಿ ಪಕ್ಕ ಬಿಜಿಎಲ್ ಸ್ವಾಮಿ. ನನಗೆ ಇದು ಯಾರೋ ಆತುರದಲ್ಲಿ ಮನೆ ಖಾಲಿ ಮಾಡಿ ಸಾಮಾನು ತಂದು ಸುರಿದ ಹಾಗೆ ಕಂಡಿತು. ಯಜಮಾನರಿಗೆ ಹೇಳಿದೆ, "ಸರ್, ಇದನ್ನೆಲ್ಲ ಸರಿ ಮಾಡಿಬಿಡ್ತೀನಿ." ಅವರು ಕಾಫಿ ಲೋಟ ಕೆಳಗಿಡದೆ "ಮಾಡಪ್ಪ" ಅಂದರು. ಅಷ್ಟೇ.

ಎರಡು ಭಾನುವಾರ ಕೂತು ಮಾಡಿದೆ. ಎಡಗಡೆ ಕಥೆ-ಕಾದಂಬರಿ. ಬಲಗಡೆಗೆ ಏನಂತ ಬರೆಯೋದು? ನಾನ್‌ಫಿಕ್ಷನ್‌ಗೆ ಬಾಯಿಗೆ ಸಲೀಸಾಗಿ ಬರುವ ಕನ್ನಡ ಪದ ಇಲ್ಲ. 'ಕಥೇತರ' ಅಂತ ಬರೆದೆ. ಯಜಮಾನರು ನೋಡಿ ನಕ್ಕರು. "ಕಥೆ ಅಲ್ಲದ್ದು ಅಂದ್ರೆ ಏನಪ್ಪ, ಪಲ್ಯ ಇಲ್ಲದ ಮಸಾಲೆ ದೋಸೆನಾ?" ಆದರೂ ಬೋರ್ಡು ತೆಗಿ ಅನ್ನಲಿಲ್ಲ. ಅವರ ಕ್ರಮ ಹಾಗೇ. ತಪ್ಪು ಮಾಡೋಕೆ ಬಿಡುತ್ತಾರೆ, ಆಮೇಲೆ ಗಿರಾಕಿ ಕೈಲಿ ಹೇಳಿಸುತ್ತಾರೆ.

ಹೇಳಿದ್ದು ಒಬ್ಬರು ಅಜ್ಜಿ. ಪ್ರತಿ ತಿಂಗಳು ಬರುವವರು. ಬಂದು ಕಗ್ಗದ ಒಂದು ಪ್ರತಿ ತೆಗೆದುಕೊಳ್ಳುತ್ತಾರೆ, ಮದುವೆ ಮುಂಜಿಗೆ ಉಡುಗೊರೆ ಕೊಡೋಕೆ. ಆ ದಿನ ಕಗ್ಗ ತೆಗೆದುಕೊಂಡು, ಪಕ್ಕಕ್ಕೆ ಕೈ ಚಾಚಿದರು. ಕೈಗೆ ಬೇರೆ ಯಾವುದೋ ಕವನ ಸಂಕಲನ ಸಿಕ್ಕಿತು. "ಇಲ್ಲಿ ಮಗ ಇರ್ತಿದ್ನಲ್ಲ, ಎಲ್ಲಿಗೆ ಕಳಿಸಿದೆಯಪ್ಪ?" ಅಂದರು. ನನಗೆ ಅರ್ಥವಾಗಲಿಲ್ಲ. ಅವರ ಮಗ ಕಳೆದುಹೋದನೇನೋ ಅಂತ ಗಾಬರಿಯಾಗಿ ಬಾಗಿಲ ಕಡೆ ನೋಡಿದೆ! ಯಜಮಾನರು ಕೌಂಟರಿಂದಲೇ ಹೇಳಿದರು, "ಡಿವಿಜಿ ಮಗ ಕಣೋ. ಸ್ವಾಮಿಯವರು."

ಸ್ವಾಮಿಯವರ ಹಸುರು ಹೊನ್ನನ್ನು ನಾನು ಬಲಗಡೆ ಕೊನೆಯ ರ‍್ಯಾಕಿಗೆ, 'ವಿಜ್ಞಾನ' ಅಂತ ಚೀಟಿ ಅಂಟಿಸಿದ ಕಡೆ ಹಾಕಿದ್ದೆ. ತಪ್ಪೇನಿಲ್ಲ ಅಲ್ವಾ? ಬರೆದವರು ಸಸ್ಯಶಾಸ್ತ್ರದ ಪ್ರೊಫೆಸರು. ಒಳಗಿರುವುದು ಗಿಡ, ಮರ, ಬಳ್ಳಿ. ಆದರೆ ಅದನ್ನು ಓದಿದವರಿಗೆ ಗೊತ್ತು, ಅದು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಮೇಷ್ಟರ ತಮಾಷೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ. ಅದನ್ನು ಒಯ್ದು ನಾನು ಪಿಯುಸಿ ಗೈಡುಗಳ ಪಕ್ಕ ಕೂರಿಸಿದ್ದೆ. ಅಜ್ಜಿ ಅಲ್ಲಿಯವರೆಗೆ ಯಾಕೆ ಬರುತ್ತಾರೆ? ಅವರು ಅಪ್ಪನನ್ನು ನೋಡಿ, ಹಾಗೇ ಮಗನನ್ನು ಮಾತಾಡಿಸಿಕೊಂಡು ಹೋಗುವವರು. ಡಿವಿಜಿ ರಸ್ತೆ ಇರುವ ಬಡಾವಣೆಯಲ್ಲಿ ಅಂಗಡಿ ಇಟ್ಟುಕೊಂಡು ಇಷ್ಟು ತಿಳಿಯದಿದ್ದರೆ ಹೇಗೆ?

ತೇಜಸ್ವಿ ಕತೆ ಇನ್ನೂ ಮಜಾ. ನಮ್ಮಲ್ಲಿ ಕಾಲೇಜು ಹುಡುಗರು ಅತಿ ಜಾಸ್ತಿ ಕೇಳುವ ಹೆಸರು ಅದು. ಕರ್ವಾಲೊ ಕಾದಂಬರಿ, ಎಡಗಡೆ ಹೋಯಿತು. ಹಕ್ಕಿಗಳ ಪುಸ್ತಕ ಬಲಗಡೆ. ಪರಿಸರದ ಕತೆ? ಹೆಸರಲ್ಲೇ ಕತೆ ಇದೆ. ಒಳಗಿರುವುದು ಅವರ ತೋಟ, ಕಾಡು, ಊರಿನ ಜನ, ಅವರದೇ ಅನುಭವ. ನಾನು ಬಲಗಡೆ ಇಟ್ಟೆ. ಜೊತೆಗೆ ಕೆಲಸ ಮಾಡುವ ಹುಡುಗಿ ಬೆಳಿಗ್ಗೆ ಧೂಳು ಒರೆಸುವಾಗ "ಅಣ್ಣ ತಪ್ಪಾಗಿ ಇಟ್ಟಿದ್ದಾರೆ" ಅಂತ ಎಡಗಡೆ ತಂದಳು. ನಾನು ಮಧ್ಯಾಹ್ನ ಮತ್ತೆ ಬಲಕ್ಕೆ. ಹೀಗೆ ಒಂದು ವಾರ ಆ ಪುಸ್ತಕ ಅಂಗಡಿಯೊಳಗೇ ಓಡಾಡಿತು. ಕೊನೆಗೆ ಅವಳೇ ಕೇಳಿದಳು, "ಅಣ್ಣ, ಕಿವಿ ಅನ್ನೋ ನಾಯಿ ಕರ್ವಾಲೊದಲ್ಲೂ ಇದೆ, ಈ ಪುಸ್ತಕದಲ್ಲೂ ಇದೆ. ಆ ನಾಯಿ ಫಿಕ್ಷನ್ನಾ, ನಾನ್‌ಫಿಕ್ಷನ್ನಾ?"

ಉತ್ತರ ಇರಲಿಲ್ಲ. ಆ ಸಂಜೆಯೇ ಬೋರ್ಡು ಎರಡೂ ಕೆಳಗೆ ಇಳಿದವು.

ಹಾಗಂತ ಮೊದಲಿದ್ದ ಹಾಗೆ ಪೂರ್ತಿ ವಾಪಸ್ ಇಡಲಿಲ್ಲ. ಇಂಗ್ಲಿಷ್ ಪುಸ್ತಕಕ್ಕೆ ಆ ಎರಡು ಜಾತಿ ಈಗಲೂ ಇದೆ. ಅಲ್ಲಿ ಜನ ಹಾಗೆಯೇ ಹುಡುಕುತ್ತಾರೆ. "ಥ್ರಿಲ್ಲರ್ ಎಲ್ಲಿ, ಸೆಲ್ಫ್ ಹೆಲ್ಪ್ ಎಲ್ಲಿ" ಅಂತ ಕೇಳುತ್ತಾರೆ. ಕನ್ನಡದವರು ಹೆಸರು ಹಿಡಿದು ಬರುತ್ತಾರೆ. "ತ್ರಿವೇಣಿ ಎಲ್ಲಿ, ಭೈರಪ್ಪ ಎಲ್ಲಿ" ಅಂತ, ಪಕ್ಕದ ಮನೆಯವರನ್ನು ಕೇಳುವ ಹಾಗೆ. ಒಬ್ಬರದು ಕಾದಂಬರಿ ಓದಿ ಮುಗಿಸಿದವರು ಅವರದೇ ಆತ್ಮಕಥೆಗೆ ಕೈ ಹಾಕುತ್ತಾರೆ, ಬೇರೆಯವರ ಕಾದಂಬರಿಗಲ್ಲ. ಇದು ಎಲ್ಲರ ವಿಷಯದಲ್ಲೂ ನಿಜ ಅನ್ನಲಾರೆ. ನಮ್ಮ ಅಂಗಡಿಯಲ್ಲಿ ನಾನು ಕಂಡದ್ದು ಇದು.

ಹೆಸರು ಹಿಡಿದು ಜೋಡಿಸೋದರಲ್ಲೂ ಕಷ್ಟ ಇದೆ. ಇನಿಶಿಯಲ್‌ಗೆ ಇಡೋದಾ, ಹೆಸರಿಗಾ? ಕಂಪ್ಯೂಟರ್ ಕೇಳಿದರೆ ಇನಿಶಿಯಲ್ ಅನ್ನುತ್ತದೆ. ಹಾಗೆ ಮಾಡಿದರೆ ಅರ್ಧ ಕನ್ನಡ ಸಾಹಿತ್ಯ 'ಎಸ್' ಮತ್ತು 'ಕೆ' ಕೆಳಗೆ ಸಾಲಾಗಿ ನಿಲ್ಲುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಮಂಕುತಿಮ್ಮನಿಗೆ 'ಎಚ್' ಹಾಕಿದ್ದಾರೋ ಇಲ್ಲವೋ, ಎರಡು 'ಎಂ' ಇದೆಯೋ ಒಂದೋ, ಹೊಡೆದವರಿಗೇ ಗೊತ್ತು. ಪುಸ್ತಕ ಕಣ್ಣೆದುರು ಇರುತ್ತದೆ, ಕಂಪ್ಯೂಟರ್ ಮಾತ್ರ ಸ್ಟಾಕ್ ಇಲ್ಲ ಅನ್ನುತ್ತದೆ. ಹಳೆಯ ಮುದ್ರಣಗಳಿಗೆ ಬಾರ್‌ಕೋಡೂ ಇರೋಲ್ಲ. ಅದಕ್ಕೇ ನಾನು ಒಂದು ಉದ್ದ ನೋಟ್‌ಬುಕ್ ಇಟ್ಟುಕೊಂಡೆ. ಯಾವುದು ಎಲ್ಲಿದೆ ಅಂತ ಕನ್ನಡದಲ್ಲೇ, ಕೈಯಲ್ಲೇ. ಮ್ಯೂಸಿಯಂ ರಸ್ತೆಯ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಮುಚ್ಚಿತು, ನಾನು ನೋಡಿಲ್ಲ. ಯಜಮಾನರು ನೋಡಿದ್ದಾರೆ. ನೆಲದಿಂದ ಎದ್ದ ರಾಶಿಗಳ ನಡುವೆ ಯಾವ ಪುಸ್ತಕ ಎಲ್ಲಿದೆ ಅಂತ ಅದರ ಮಾಲೀಕರಾದ ಶಾನಭಾಗರಿಗೆ ಬಾಯಿಪಾಠ ಇತ್ತಂತೆ. ನನಗೆ ಅಷ್ಟು ನೆನಪಿನ ಶಕ್ತಿ ಇಲ್ಲ. ನೋಟ್‌ಬುಕ್ಕೇ ಗತಿ.

ರಜೆ ದಿನ ಚರ್ಚ್ ಸ್ಟ್ರೀಟಿಗೆ ಹೋಗುತ್ತೇನೆ. ಬ್ಲಾಸಮ್, ಬುಕ್‌ವರ್ಮ್ ಎರಡು ಪುಸ್ತಕದಂಗಡಿಗೂ. ಕೊಳ್ಳೋಕೂ ಹೌದು, ಆದರೆ ಜಾಸ್ತಿ ಹೊತ್ತು ಜನರನ್ನೇ ನೋಡುತ್ತೇನೆ. ಪುಸ್ತಕ ನೋಡುವವರ ಕತ್ತು ಬಲಕ್ಕೆ ವಾಲಿರುತ್ತದೆ, ಬೆನ್ನಿನ ಮೇಲಿನ ಹೆಸರು ಓದೋಕೆ. ಹತ್ತು ನಿಮಿಷ ಹಾಗಿದ್ದರೆ ಕತ್ತು ನೋಯುತ್ತದೆ. ಆಗ ಯಾವುದಾದರೂ ಒಂದು ಪುಸ್ತಕ ಮುಖಪುಟ ತೋರಿಸಿಕೊಂಡು ನಿಂತಿದ್ದರೆ ಕಣ್ಣು ಅಲ್ಲಿ ಕೂರುತ್ತದೆ, ಕೈ ಹೋಗುತ್ತದೆ. ಅದನ್ನು ನೋಡಿ ಬಂದಮೇಲೆ ಪ್ರತಿ ಸಾಲಿನಲ್ಲೂ ಒಂದು ಪುಸ್ತಕವನ್ನು ಮುಖ ಮಾಡಿ ನಿಲ್ಲಿಸಿದೆ. ಜಾಗ ಹಾಳು ಅಂತ ಅನಿಸುತ್ತದೆ. ಹಾಳಲ್ಲ.

ಇದರಿಂದ ಹೆಚ್ಚು ಲಾಭ ಆದದ್ದು ತೆಳ್ಳಗಿನ ಕವನ ಸಂಕಲನಗಳಿಗೆ. ಎಂಬತ್ತು ಪುಟದ ಪುಸ್ತಕಕ್ಕೆ ಬೆನ್ನೇ ಇರೋಲ್ಲ. ಎರಡು ದಪ್ಪ ಕಾದಂಬರಿ ನಡುವೆ ಸಿಕ್ಕಿಕೊಂಡರೆ ಮುಗಿಯಿತು, ಮುಂದಿನ ಸ್ಟಾಕ್ ಎಣಿಸುವವರೆಗೆ ಅಜ್ಞಾತವಾಸ. ಕವನ ಮಾರಾಟ ಆಗೋಲ್ಲ ಅಂತ ಪ್ರಕಾಶಕರೂ ಹೇಳುತ್ತಾರೆ, ಅಂಗಡಿಯವರೂ ಹೇಳುತ್ತೇವೆ. ಕಾಣಿಸಿದರೆ ತಾನೇ ಮಾರಾಟ ಆಗೋದು! ಈಗ ಅವನ್ನೆಲ್ಲ ಒಂದು ಬುಟ್ಟಿಯಲ್ಲಿ ನಿಲ್ಲಿಸಿದ್ದೇನೆ, ಹಳೇ ಗ್ರಾಮಫೋನ್ ತಟ್ಟೆ ಸರಿಸಿ ನೋಡುತ್ತಿದ್ದರಲ್ಲ, ಹಾಗೆ. ಮಾರಾಟ ಧೋ ಅಂತ ಸುರಿಯುತ್ತಿಲ್ಲ. ಆದರೆ ಬುಟ್ಟಿ ಮುಂದೆ ಜನ ನಿಲ್ಲುತ್ತಾರೆ.

ಮಧ್ಯದಲ್ಲಿ ಒಂದು ಮೇಜಿದೆ. ಅದು ನನ್ನ ಪ್ರಯೋಗಶಾಲೆ. ಹದಿನೈದು ದಿನಕ್ಕೊಂದು ವಿಷಯ. ಒಮ್ಮೆ ಕೊಡಗು ಅಂತ ಮಾಡಿದೆ. ಮಾಸ್ತಿಯವರ ಚಿಕವೀರ ರಾಜೇಂದ್ರ, ಅದರ ಪಕ್ಕ ಕೊಡಗಿನ ಇತಿಹಾಸ, ಕಾಫಿ ಬೆಳೆಯ ಪುಸ್ತಕ, ಅಡುಗೆ ಪುಸ್ತಕ, ಹಕ್ಕಿ ಪುಸ್ತಕ. ಇತಿಹಾಸ ಕೇಳಿಕೊಂಡು ಬಂದ ಒಬ್ಬರು, 1834ರಲ್ಲಿ ಬ್ರಿಟಿಷರು ಕೊಡಗನ್ನು ಹೇಗೆ ತೆಗೆದುಕೊಂಡರು ಅಂತ ಓದಬೇಕಾದವರು, ಕಾದಂಬರಿಯನ್ನೂ ಜೊತೆಗೆ ಒಯ್ದರು. "ನಾನು ಕಾದಂಬರಿ ಓದೋನಲ್ಲ" ಅಂತ ಎರಡು ಸಲ ಹೇಳಿಕೊಂಡೇ ಬಿಲ್ ಮಾಡಿಸಿದರು. ಅವರ ಹೆಂಡತಿ ಅಡುಗೆ ಪುಸ್ತಕ ತೆಗೆದುಕೊಂಡರು. ಇವು ಮೂರೂ ಮೂರು ಮೂಲೆಯಲ್ಲಿದ್ದಿದ್ದರೆ ಒಂದಕ್ಕೇ ಬಿಲ್ ಆಗುತ್ತಿತ್ತು.

ಬಿಲ್ ಅಂದಾಗ ನೆನಪಾಯಿತು. ದಿನಕ್ಕೆ ಒಬ್ಬರಾದರೂ "ಇದರ ಮೇಲೆ ಜಿಎಸ್‌ಟಿ ಎಷ್ಟು?" ಅಂತ ಕೇಳುತ್ತಾರೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ರಟ್ಟಿನ ಮೇಲಿದ್ದಷ್ಟೇ ಬೆಲೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಜೋಡಣೆಗೆ ಇನ್ನೊಂದು ಪೆಟ್ಟು ಬಿತ್ತು. ಮಾರನೇ ದಿನ ಬೆಳಿಗ್ಗೆಯಿಂದ ಒಂದೇ ಮಾತು, "ಹಾರ್ಟ್ ಲ್ಯಾಂಪ್ ಕನ್ನಡದಲ್ಲಿ ಕೊಡಿ." ಅದು ಒಂದೇ ಕನ್ನಡ ಪುಸ್ತಕದ ಅನುವಾದ ಅಲ್ಲ. ಅವರು 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ 12 ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದದ್ದು. ಇದನ್ನು ಅಂದು ಎಷ್ಟು ಜನಕ್ಕೆ ಹೇಳಿದೆನೋ, ಸಂಜೆಗೆ ಗಂಟಲು ಕಟ್ಟಿತು. ಆದರೆ ಕಲಿತದ್ದು ಬೇರೆ. ಬಂದವರಲ್ಲಿ ಸುಮಾರು ಜನ ಕನ್ನಡ ಮಾತಾಡುವ, ಕನ್ನಡ ಓದೋಕೆ ಹಿಂಜರಿಯುವ ಹುಡುಗ ಹುಡುಗಿಯರು. ಇಂಗ್ಲಿಷ್ ಪುಸ್ತಕ ಒಂದು ತುದಿ, ಕನ್ನಡದ್ದು ಇನ್ನೊಂದು ತುದಿ. ಕನ್ನಡದ ತುದಿಗೆ ಅವರು ಬರುತ್ತಲೇ ಇರಲಿಲ್ಲ, ಯಾರದೋ ಮನೆಯ ನಡುಮನೆಗೆ ಹೋಗೋಕೆ ಸಂಕೋಚ ಪಡುವ ಹಾಗೆ. ಆವತ್ತಿಂದ ಅನುವಾದವನ್ನೂ ಮೂಲವನ್ನೂ ಅಕ್ಕಪಕ್ಕ ಇಟ್ಟೆ. ಒಬ್ಬಳು ಎರಡನ್ನೂ ತೆರೆದು, ಬೆರಳಿಟ್ಟು ಒಂದೊಂದೇ ಸಾಲು ಹೋಲಿಸುತ್ತ ಅರ್ಧ ಗಂಟೆ ನಿಂತಿದ್ದಳು. ಕೊನೆಗೆ ಇಂಗ್ಲಿಷಿನದನ್ನೇ ಕೊಂಡಳು. ಕನ್ನಡದ್ದನ್ನು ಅಮ್ಮನಿಗೆ ಅಂತ ಆಮೇಲೆ ಬಂದು ಒಯ್ದಳು.

ಆ ಅರ್ಧ ಗಂಟೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಮಾಲ್‌ನಲ್ಲಿ ಮೂವತ್ತು ಸೆಕೆಂಡಿಗೆ ಒಳಗೆ "ಏನ್ ಬೇಕು ಸರ್?" ಅನ್ನಬೇಕಿತ್ತು, ಅದು ಅಲ್ಲಿನ ನಿಯಮ. ಈಗ ಅನ್ನೋಲ್ಲ. ಸುಮ್ನೆ ನೋಡೋಕೆ ಬಂದವರಿಗೆ ಏನು ಬೇಕು ಅಂತ ಅವರಿಗೇ ಇನ್ನೂ ಗೊತ್ತಿರೋಲ್ಲ. ಕೇಳಿದ ಕೂಡಲೇ "ಏನಿಲ್ಲ, ಸುಮ್ನೆ ನೋಡ್ತಿದ್ದೆ" ಅಂತ ತಪ್ಪು ಮಾಡಿದವರ ಹಾಗೆ ಹೊರಟುಬಿಡುತ್ತಾರೆ. ಮುಖಪುಟದ ಫೋಟೋ ಹೊಡೆದುಕೊಂಡು ಆನ್‌ಲೈನ್‌ನಲ್ಲಿ ತರಿಸುವವರೂ ಇದ್ದಾರೆ. ಮೊದಲು ಸಿಟ್ಟು ಬರುತ್ತಿತ್ತು. ಒಬ್ಬನಿಗೆ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅವನು ಅಮ್ಮನಿಗೆ ವಾಟ್ಸಾಪ್ ಮಾಡುತ್ತಿದ್ದ, "ಇದು ಮನೇಲಿದೆಯಾ?" ಅಂತ. ಇಲ್ಲ ಅಂತ ಉತ್ತರ ಬಂದಿತ್ತು, ಕೊಳ್ಳುವವನಿದ್ದ. ನನ್ನ ಮಾತು ಕೇಳಿ ಪುಸ್ತಕ ಅಲ್ಲೇ ಇಟ್ಟು ಹೋದ. ಮತ್ತೆ ಬರಲಿಲ್ಲ.

ನಿವೃತ್ತ ಲೈಬ್ರೇರಿಯನ್ ಒಬ್ಬರು ಸಂಜೆ ಬರುತ್ತಾರೆ. ನನ್ನ ಬೋರ್ಡಿನ ಕತೆ ಹೇಳಿದಾಗ ಅವರು ರಂಗನಾಥನ್ ಅವರ ಮಾತು ತೆಗೆದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದವರು, 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಶುರುಮಾಡಿದವರು. ಒಂದು ಸೂತ್ರ, ಪ್ರತಿ ಓದುಗನಿಗೆ ಅವನ ಪುಸ್ತಕ. ಇನ್ನೊಂದು, ಪ್ರತಿ ಪುಸ್ತಕಕ್ಕೆ ಅದರ ಓದುಗ. "ಮೊದಲನೇದು ಕೇಳಿಕೊಂಡು ಬರೋರಿಗೆ. ಎರಡನೇದು ನಿನ್ನ ಅಂಗಡೀಲಿ ಸುಮ್ನೆ ಸುತ್ತೋರಿಗೆ" ಅಂದರು. ಆಮೇಲೆ ನಾಲ್ಕನೇ ಸೂತ್ರ ನೆನಪಿಸಿದರು, ಓದುಗನ ಸಮಯ ಉಳಿಸು ಅಂತ. "ಅದನ್ನ ಮಾತ್ರ ನೀನು ಪಾಲಿಸ್ಬೇಡ. ಪಾಲಿಸಿದ್ರೆ ಬಾಡಿಗೆ ಕಟ್ಟೋಕಾಗಲ್ಲ."

ಪ್ರತಿ ವರ್ಷ ಕಡಲೆಕಾಯಿ ಪರಿಷೆ ಹೊತ್ತಿಗೆ ಇವೆಲ್ಲ ಲೆಕ್ಕಾಚಾರ ತಲೆಕೆಳಗು. ಕಾರ್ತಿಕದ ಕೊನೆಯ ಸೋಮವಾರದ ಜನಸಾಗರದಲ್ಲಿ ಒಂದಷ್ಟು ಜನ ಒಳಗೆ ಬರುತ್ತಾರೆ, ಕೈಯಲ್ಲಿ ಪೊಟ್ಟಣ ಹಿಡಿದುಕೊಂಡೇ. ಎಲ್ಲಿಂದ ಏನು ತೆಗೆದರೋ, ಎಲ್ಲಿ ಇಟ್ಟರೋ, ಒಂದೂ ಅದರ ಜಾಗದಲ್ಲಿ ಇರೋಲ್ಲ. ಕಳೆದ ಸಲ ಜ್ಯೋತಿಷ್ಯದ ಪುಸ್ತಕದಲ್ಲಿ ಸಿಪ್ಪೆ ಸಿಕ್ಕಿತು, ಷೇರು ಮಾರುಕಟ್ಟೆ ಪುಸ್ತಕದಲ್ಲೂ ಸಿಕ್ಕಿತು. ಒಬ್ಬರೇ ಎರಡನ್ನೂ ನೋಡಿರಬೇಕು ಅಂತ ನಮ್ಮ ಹುಡುಗಿಯ ಊಹೆ. ಮಾರನೇ ದಿನದಿಂದ ಆ ಎರಡು ಪುಸ್ತಕ ಅಕ್ಕಪಕ್ಕ ಇವೆ.

ಜಾಗ ತೋಚದ ಪುಸ್ತಕಗಳಿಗೆ ಅಂತ ಕೌಂಟರ್ ಪಕ್ಕ ಒಂದು ರಟ್ಟಿನ ಡಬ್ಬ ಇಟ್ಟಿದ್ದೇನೆ. ಬಿಲ್ ಮಾಡಿಸುವಾಗ ಜನ ಅದರೊಳಗೆ ಕೈ ಹಾಕುತ್ತಾರೆ. ನಿನ್ನೆ ಬಂದ ಬಂಡಲ್‌ನಲ್ಲಿ ಹಳ್ಳಿ ವೈದ್ಯರೊಬ್ಬರ ನೆನಪುಗಳ ಪುಸ್ತಕ ಇತ್ತು. ಅರ್ಧ ಔಷಧಿ, ಅರ್ಧ ದೆವ್ವದ ಕತೆ. "ಇದನ್ನ ಎಲ್ಲಿಡ್ತೀಯ?" ಅಂದರು ಯಜಮಾನರು. ಡಬ್ಬಕ್ಕೆ ಹಾಕೋಣ ಅಂತಿದ್ದೆ. ಅಷ್ಟರಲ್ಲಿ ಅವರೇ ಅದನ್ನು ತೆರೆದು, ಕಾಫಿ ತರಿಸಿಕೊಂಡು ಕೂತರು. ಇನ್ನೂ ವಾಪಸ್ ಬಂದಿಲ್ಲ.