ಹಿಂದಿನಿಂದ ತೆರೆಯುವ ಪುಸ್ತಕ

ಒಂಟೆಯ ಡುಬ್ಬದಲ್ಲಿ ನೀರು ತುಂಬಿರುತ್ತದೆ ಎಂದು ಮೂವತ್ತೆರಡು ವರ್ಷ ನಂಬಿದ್ದೆ. ಅದು ನೀರಲ್ಲ, ಕೊಬ್ಬು ಎಂದು ತಿಳಿದದ್ದು ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ, ಏಳು ವರ್ಷದ ಐವರು ಮಕ್ಕಳ ನಡುವೆ ಗಿಡ್ಡ ಕುರ್ಚಿಯ ಮೇಲೆ ಮೊಣಕಾಲು ಮಡಚಿಕೊಂಡು ಕೂತಿದ್ದಾಗ. ಆಳಂದ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಯಾರೂ ತಪ್ಪು ಹೇಳಿಕೊಟ್ಟಿರಲಿಲ್ಲ. ನಾವು ಕೇಳಿರಲಿಲ್ಲ, ಅಷ್ಟೆ.

ಗಂಡನ ನೌಕರಿಯ ಹಿಂದೆ ಇಲ್ಲಿಗೆ ಬಂದವಳು ನಾನು. ನನ್ನ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿರಲಿಲ್ಲ. ಕಿಟಕಿಯಾಚೆ ಹಿಮ ನೋಡಿ ನೋಡಿ ಸಾಕಾಗಿ, ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೆರಡು ದಿನ ಸ್ವಯಂಸೇವಕಿಯಾದೆ. ಪೆನ್ಸಿಲ್ ಚೂಪು ಮಾಡುವುದು, ಪುಸ್ತಕ ಜೋಡಿಸುವುದು, ಗುಂಪು ಓದಿನ ಹೊತ್ತಿಗೆ ಟೀಚರ್ ಪಕ್ಕದಲ್ಲಿ ಕೂರುವುದು ನನ್ನ ಕೆಲಸ.

ಗುಂಪು ಓದಿಗೆ ಕುದುರೆ ಲಾಳದ ಆಕಾರದ ಮೇಜು. ಒಳಬಾಗಿನಲ್ಲಿ ಟೀಚರ್, ಸುತ್ತ ಐದಾರು ಮಕ್ಕಳು, ಎಲ್ಲರ ಕೈಯಲ್ಲೂ ಒಂದೇ ಪುಸ್ತಕದ ಒಂದೊಂದು ಪ್ರತಿ. ಅಂದಿನದು ಒಂಟೆಯ ಚಿತ್ರಪುಸ್ತಕ. ಕಥೆಯಿಲ್ಲ, ನೀತಿಯಿಲ್ಲ, ಮಾತಾಡುವ ನರಿಯೂ ಇಲ್ಲ. ಒಂಟೆಯ ಚಿತ್ರ, ಅದರ ಮೈಯಿಂದ ಹೊರಟ ಗೆರೆಗಳ ತುದಿಯಲ್ಲಿ ಹೆಸರುಗಳು: ಮರಳು ನುಗ್ಗದಂತೆ ಮುಚ್ಚಿಕೊಳ್ಳುವ ಮೂಗಿನ ಹೊಳ್ಳೆ, ಉದ್ದನೆಯ ರೆಪ್ಪೆ, ಅಗಲವಾದ ಪಾದ. ಓದುವ ಮೊದಲು ಟೀಚರ್ ಕೇಳಿದರು, "ಡುಬ್ಬದಲ್ಲಿ ಏನಿದೆ?" ನಾಲ್ವರು ನೀರೆಂದರು. ನಾನು ಬಾಯಿ ಬಿಡದೆ ಮಾನ ಉಳಿಸಿಕೊಂಡೆ.

ಐದನೆಯವನು ಸೊಮಾಲಿ ಮನೆಯ ಹುಡುಗ. ಕೊಲಂಬಸ್‌ನಲ್ಲಿ ಸೊಮಾಲಿಯಾದಿಂದ ಬಂದವರು ಬಹಳ ಮಂದಿ ಇದ್ದಾರೆ. ಕಥೆ ಓದುವ ದಿನಗಳಲ್ಲಿ ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂರುತ್ತಿದ್ದ. ಆ ದಿನ ಬೇರೆಯದೇ ಪ್ರಶ್ನೆ ಎತ್ತಿದ: ಇದರಲ್ಲಿ ಹಾಲಿನ ವಿಷಯ ಇದೆಯೇ? ಅವನ ಅಜ್ಜಿ ಒಂಟೆಯ ಹಾಲು ಕುಡಿದು ಬೆಳೆದವರಂತೆ. ಟೀಚರ್ ಇದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಪುಸ್ತಕ ತಿರುವಿ ಕೊನೆಯ ಪುಟ ತೋರಿಸಿದರು. ಅಲ್ಲಿ ಅಕಾರಾದಿ. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಇಳಿದು ಹಾಲು ಎಂಬ ಪದ ಹಿಡಿದ, ಮುಂದಿದ್ದ ಸಂಖ್ಯೆ ನೋಡಿದ, ಪುಟ 14 ತೆರೆದ. ಆಮೇಲೆ ಎಲ್ಲರಿಗೂ ಅವನೇ ಓದಿದ, ತಡವರಿಸುತ್ತ, ಆದರೆ ಯಾರೂ ಕಸಿದುಕೊಳ್ಳದಂತೆ ಪುಸ್ತಕವನ್ನು ಎದೆಗೆ ಹತ್ತಿರ ಹಿಡಿದು.

ಪುಸ್ತಕವನ್ನು ಹಿಂದಿನಿಂದ ತೆರೆಯಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾವು ಮೊದಲ ಪಾಠದಿಂದ ಶುರು ಮಾಡಿ, ಟೀಚರ್ ಹೇಳಿದ್ದನ್ನು ಒಕ್ಕೊರಲಿನಿಂದ ಒಪ್ಪಿಸಿ, ಪರೀಕ್ಷೆಯ ಹೊತ್ತಿಗೆ ಕೊನೆಯ ಪಾಠ ಮುಟ್ಟಿದವರು. ಅಕ್ಷರಮಾಲೆ ನಿದ್ದೆಯಲ್ಲೂ ಬರುತ್ತಿತ್ತು. ಅದರಿಂದ ಒಂದು ಪದವನ್ನೂ ಹುಡುಕಿದವರಲ್ಲ.

ಇದೆಲ್ಲ ಅಮೆರಿಕದಲ್ಲಿ ಮೊದಲಿನಿಂದ ಹೀಗೆಯೇ ಇತ್ತು ಎಂದುಕೊಳ್ಳಬೇಡಿ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದನೆಯ ತರಗತಿಯ ಇಪ್ಪತ್ತು ಕೋಣೆಗಳನ್ನು ಗಮನಿಸಿತ್ತು. ಕಥೆಯಲ್ಲದ, ಒಂಟೆ ಪುಸ್ತಕದಂಥ ಮಾಹಿತಿ ಬರಹಕ್ಕೆ ಅಲ್ಲಿ ಸಿಗುತ್ತಿದ್ದದ್ದು ದಿನಕ್ಕೆ ಸರಾಸರಿ 3.6 ನಿಮಿಷ. 2010ರಲ್ಲಿ ಬಹುತೇಕ ರಾಜ್ಯಗಳಿಗಾಗಿ ರೂಪುಗೊಂಡ ಕಲಿಕಾ ಮಾನದಂಡ, ನಾಲ್ಕನೆಯ ತರಗತಿಯ ಹೊತ್ತಿಗೆ ಓದಿನಲ್ಲಿ ಅರ್ಧದಷ್ಟು ಇಂಥ ಬರಹವಿರಬೇಕು ಎಂದಿತು. ಕಥೆ ಕಡಿಮೆಯಾಯಿತು ಎಂದು ಗೊಣಗುವ ಶಿಕ್ಷಕರು ಈಗಲೂ ಇದ್ದಾರೆ. ನನಗೂ ಕಥೆಯೇ ಇಷ್ಟ. ಆದರೆ ಆ ಹುಡುಗ ಬಾಯಿ ಬಿಟ್ಟದ್ದು ಕಥೆಗಲ್ಲ.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಆ ಒಂಟೆಯ ಪುಸ್ತಕದ ಒಂದು ಪ್ರತಿ ಕೊಂಡು ಹೋಗಿದ್ದೆ, ಇಂಗ್ಲಿಷ್ ಸಾಲುಗಳ ಮೇಲೆ ಕನ್ನಡದ ಚೀಟಿ ಅಂಟಿಸಿ. ನನ್ನ ಅಕ್ಕ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಲಾಳದ ಮೇಜು, ಸಣ್ಣ ಗುಂಪು, ಟೀಚರ್ ನಡುವೆ ಕೂರುವುದು ಎಂದು ನಾನು ಕೈ ಆಡಿಸಿ ವರ್ಣಿಸಿದೆ. ಅಕ್ಕ ಶೇಂಗಾ ಹಿಂಡಿ ಬಡಿಸುತ್ತಲೇ ಹೇಳಿದಳು: "ಇಷ್ಟೇನಾ? ಇದು ನಮ್ಮ ನಲಿ-ಕಲಿಯ ಮೊದಲನೆಯ ತಟ್ಟೆ."

ನಿಜವೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ತಟ್ಟೆಗಳೆಂಬ ಗುಂಪುಗಳಾಗಿಯೇ ಕೂರುತ್ತಾರೆ. ಟೀಚರ್ ಪೂರ್ತಿ ಜೊತೆಗಿರುವ ತಟ್ಟೆಯಿಂದ ಹಿಡಿದು ಮಗು ತಾನೇ ಕಲಿಯುವ ತಟ್ಟೆಯವರೆಗೆ. ಗುಂಪು ನಮ್ಮಲ್ಲಿ ಇತ್ತು. ಇಲ್ಲದ್ದು ಒಂದೇ ಪುಸ್ತಕದ ಆರು ಪ್ರತಿ.

ಮರುದಿನ ತರಗತಿಯಲ್ಲಿ ನನ್ನ ಒಂಟೆ ಸೋತಿತು. ಇಪ್ಪತ್ತೆಂಟು ಮಕ್ಕಳು, ಒಂದು ಪುಸ್ತಕ, ಹಿಂದಿನ ಸಾಲಿಗೆ ಡುಬ್ಬವೂ ಕಾಣಲಿಲ್ಲ. ಕಿಟಕಿಯಾಚೆ ಹೊಲದಲ್ಲಿ ತೊಗರಿ ಕಾಯಿ ಬಿಟ್ಟು ನಿಂತಿತ್ತು. ಅಕ್ಕ ಅದನ್ನು ತೋರಿಸಿ, ಇದರ ಪುಸ್ತಕ ಮಾಡೋಣ ಎಂದಳು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ, ಮಕ್ಕಳ ಕೈಗೆ ಮಾತ್ರ ಅದರ ಚಿತ್ರಪುಸ್ತಕ ಬಂದದ್ದನ್ನು ನಾನು ನೋಡಿಲ್ಲ.

ನಾಲ್ಕು ದಿನ ಹಿಡಿಯಿತು. ಡ್ರಾಯಿಂಗ್ ಹಾಳೆಯಲ್ಲಿ ಹನ್ನೆರಡು ಪುಟ. ಕಿತ್ತು ತಂದ ಗಿಡದ ಬೇರಿನಲ್ಲಿದ್ದ ಸಣ್ಣ ಗಂಟುಗಳು ರೋಗವೆಂದು ಒಬ್ಬ ವಾದಿಸಿದ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳ ಮನೆ ಅದು ಎಂದು ಅಕ್ಕ ಹೇಳಿದರೂ ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕಾಯಿಕೊರಕದ ಚಿತ್ರ ನಾನು ಬರೆದೆ. "ಹುಳು ಹೀಗೆ ಇಡೀ ಒಳಗೆ ಇರುವುದಿಲ್ಲ, ತಲೆ ಮಾತ್ರ ಕಾಯಿಯೊಳಗೆ, ಮೈ ಹೊರಗೆ," ಎಂದು ಒಬ್ಬಳು ರಬ್ಬರ್ ಕೈಗೆ ಕೊಟ್ಟಳು. ಗಿಡ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಹುಳು ಉದುರಿಸುವುದನ್ನು ಎರಡು ಪುಟ ತುಂಬ ಅವಳೇ ಬಿಡಿಸಿದಳು.

ಆಮೇಲೆ ಅಕಾರಾದಿ. ಜಗಳವಿದ್ದದ್ದೇ ಇಲ್ಲಿ. ಕಟ್ಟಿಗೆ ಮೊದಲೋ ಕಾಯಿಕೊರಕ ಮೊದಲೋ? ಹುಳು, ಹೂವು, ಹೊಟ್ಟು ಮೂರನ್ನೂ ಹೇಗೆ ಸಾಲಾಗಿ ನಿಲ್ಲಿಸುವುದು? ಬೇಸರದಿಂದ ಬಾಯಿಪಾಠ ಮಾಡಿದ್ದ ಕಾಗುಣಿತವನ್ನು ಇಪ್ಪತ್ತೆಂಟು ಮಕ್ಕಳು ಬೆರಳು ಮಡಚಿ ಎಣಿಸುತ್ತ, ಹ ಹಾ ಹಿ ಹೀ ಎಂದು ಕೂಗುತ್ತ ತೀರ್ಪು ಕೊಟ್ಟರು. ಪಕ್ಕದ ಕೋಣೆಯ ಸರ್ ಏನಾಯಿತೆಂದು ಬಾಗಿಲಲ್ಲಿ ಇಣುಕಿದರು.

ಪುಸ್ತಕ ಈಗ, ಮಕ್ಕಳ ಕೆಲಸ ತೂಗುಹಾಕಲು ತರಗತಿಯಲ್ಲಿ ಕಟ್ಟಿದ ಚಪ್ಪರದ ದಾರಕ್ಕೆ ತೂಗುತ್ತಿದೆ. ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಅಕಾರಾದಿಯಲ್ಲಿ 'ಇ' ಖಾಲಿ ಇರುವುದು ಮಕ್ಕಳ ಕಣ್ಣಿಗೆ ಬಿದ್ದಿದೆ. ಚೀಲ ಕಡಿದು ತೊಗರಿ ತಿನ್ನುವ ಇಲಿಯನ್ನು ಸೇರಿಸಲೇಬೇಕು ಎಂದು ಹಟ. ಸೇರಿಸಿದರೆ ಹದಿಮೂರನೆಯ ಪುಟ ಬೇಕು. ಇಲಿಯ ಹಲ್ಲು ಬೆಳೆಯುತ್ತಲೇ ಇರುವುದು ನಿಜವೇ, ಅಲ್ಲಿನ ಗ್ರಂಥಾಲಯದಲ್ಲಿ ನೋಡಿ ಹೇಳು ಎಂದಳು. ನಿಜ, ಮುಂದಿನ ಹಲ್ಲು ಬೆಳೆಯುತ್ತಲೇ ಇರುತ್ತದೆ. ಪುಟ 9ರಲ್ಲಿತ್ತು.